ಒಂದೇ ರಿಮೋಟು, ಒಬ್ಬರೇ ರಾಯರು

ಮಧ್ಯಮ ವರ್ಗದ ಯಾವ ಮನೆಗೆ ಹೋದರೂ ಹಾಲ್‌ನಲ್ಲಿ ಟಿವಿಯ ಎದುರು ಒಬ್ಬರು ಕೂತಿರುತ್ತಾರೆ. ಅವರು ಟಿವಿ ನೋಡುತ್ತಿರುವುದಿಲ್ಲ. ಟಿವಿ ಸರಿಯಾಗಿ ಓಡುತ್ತಿದೆಯೇ ಎಂದು ನೋಡುತ್ತಿರುತ್ತಾರೆ. ಕೈಯಲ್ಲಿ ಉದ್ದನೆಯ ಒಂದು ರಿಮೋಟು, ಅದಕ್ಕೊಂದು ಪ್ಲಾಸ್ಟಿಕ್ ಕವರು, ಕವರಿನ ಮೇಲೊಂದು ರಬ್ಬರ್ ಬ್ಯಾಂಡು. ಇವರನ್ನು ರಿಮೋಟ್ ರಾಯರು ಎನ್ನೋಣ. ರಾಯರು ಅಂದದ್ದು ಮರ್ಯಾದೆಗೆ ಮಾತ್ರ. ಇವರು ಗೌಡರಾಗಿರಬಹುದು, ಶೆಟ್ಟರಾಗಿರಬಹುದು, ಸಾಹೇಬರಾಗಿರಬಹುದು, ನಿವೃತ್ತ ಮೇಷ್ಟ್ರಾಗಿರಬಹುದು, ಸಾಫ್ಟ್‌ವೇರ್ ಕಂಪನಿಗೆ ಹೋಗುವ ಮೂವತ್ತರ ಹುಡುಗನೂ ಆಗಿರಬಹುದು. ನಾಲ್ಕು ರಿಮೋಟ್‌ಗಳ ಕಾಟ ತಪ್ಪಲಿ ಎಂದು ಮನೆಗೆ ಆಲ್ ಇನ್ ಒನ್ ರಿಮೋಟ್ ತಂದವರು, ತಂದ ದಿನದಿಂದ ತಾವಿಲ್ಲದೆ ಟಿವಿ ಹತ್ತದ ಹಾಗೆ ಮಾಡಿಟ್ಟವರು. ಇದಿಷ್ಟೇ ಲಕ್ಷಣ. ಇವರ ಬಗ್ಗೆ ಮನೆಮಂದಿಯ ತೀರ್ಪು ಎಂದೋ ಹೊರಬಿದ್ದಿದೆ: ಅಧಿಕಾರದ ಹುಚ್ಚು, ಬೇರೆಲ್ಲೂ ನಡೆಯದ ದರ್ಬಾರನ್ನು ಇಲ್ಲಿ ನಡೆಸುತ್ತಾರೆ. ಈ ತೀರ್ಪು ತಪ್ಪು ಎಂಬುದು ನನ್ನ ವಾದ. ರಾಯರು ಹುಟ್ಟಿದ್ದು ಅವರ ಸ್ವಭಾವದ ದೋಷದಿಂದಲ್ಲ, ಉಪಕರಣದ ದೋಷದಿಂದ. ರಿಮೋಟಿಗೆ ಹೇಳುವುದಕ್ಕೆ ಬರುತ್ತದೆ, ಕೇಳುವುದಕ್ಕೆ ಬರುವುದಿಲ್ಲ. ಅದು ಹೇಳಿದ್ದನ್ನು ಯಾರು ಕೇಳಿಸಿಕೊಂಡರು, ಯಾರು ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ಮನೆಯಲ್ಲಿ ಒಬ್ಬರಾದರೂ ನೆನಪಿಟ್ಟುಕೊಳ್ಳಬೇಕು. ಆ ಖಾಲಿ ಹುದ್ದೆಗೆ ತಾವೇ ಅರ್ಜಿ ಹಾಕಿ, ತಾವೇ ಸಂದರ್ಶನ ಮಾಡಿ, ತಾವೇ ನೇಮಕಗೊಂಡವರು ರಾಯರು. ಸಂಬಳವಿಲ್ಲ, ರಜೆಯಂತೂ ಇಲ್ಲವೇ ಇಲ್ಲ.

ಹುದ್ದೆ ಸೃಷ್ಟಿಯಾದ ಬಗೆಯನ್ನು ಮೊದಲು ನೋಡಬೇಕು. 1981ರ ನವೆಂಬರ್‌ನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದಾಗ ಟಿವಿಯ ಮೈಮೇಲೇ ತಿರುಪು ಇತ್ತು, ಎದ್ದು ಹೋಗಿ ತಿರುಗಿಸುವುದಕ್ಕೆ ಮನೆಯ ಚಿಕ್ಕ ಮಕ್ಕಳಿದ್ದರು. ತೊಂಬತ್ತರ ದಶಕದಲ್ಲಿ ಕೇಬಲ್ ಬಂತು, 1994ರಲ್ಲಿ ಉದಯ ಟಿವಿ ಬಂತು, ಚಾನೆಲ್‌ಗಳು ಹೆಚ್ಚಿದ ಹಾಗೆ ಟಿವಿಯ ಜೊತೆ ರಿಮೋಟ್ ಬರುವುದೂ ವಾಡಿಕೆಯಾಯಿತು. ಆಗಲೂ ರಾಯರು ಇರಲಿಲ್ಲ. ಒಂದು ಟಿವಿಗೆ ಒಂದು ರಿಮೋಟು. ಜಗಳವೇನಿದ್ದರೂ ಯಾವ ಚಾನೆಲ್ ಹಾಕಬೇಕು ಎಂಬುದಕ್ಕೆ. ಎರಡನೆಯ ರಿಮೋಟನ್ನು ಮನೆಗೆ ತಂದದ್ದು ಸೆಟ್‌ಟಾಪ್ ಬಾಕ್ಸು. ಡಿಶ್ ಹಾಕಿಸಿಕೊಂಡವರಿಗೆ ಅದು ಮೊದಲೇ ಬಂದಿತ್ತು. ಕೇಬಲ್‌ನವರಿಗೆ ಸರ್ಕಾರವೇ ಕೊಡಿಸಿತು. ಕೇಬಲ್ ಡಿಜಿಟಲ್ ಆಗಲೇಬೇಕೆಂದು ಗೊತ್ತುಮಾಡಿದ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31 ಗಡುವಾಯಿತು. ಅಲ್ಲಿಂದ ಮುಂದೆ ಟಿವಿ ಹಾಕುವುದಕ್ಕೆ ಒಂದು ರಿಮೋಟು, ಚಾನೆಲ್ ಬದಲಿಸುವುದಕ್ಕೆ ಇನ್ನೊಂದು, ಸೌಂಡಿಗೆ ಎರಡೂ. ಬಾಕ್ಸಿನ ಸೌಂಡು ಇಳಿದಿದ್ದರೆ ಟಿವಿಯ ಸೌಂಡನ್ನು ಎಷ್ಟು ಏರಿಸಿದರೂ ನಾಯಕಿ ಪಿಸುಗುಡುತ್ತಲೇ ಇರುತ್ತಾಳೆ. ಏರಿಸಿಟ್ಟದ್ದು ಮರೆತು ಮಾರನೆಯ ದಿನ ಯಾರಾದರೂ ಬಾಕ್ಸನ್ನು ಸರಿಮಾಡಿದರೆ ಜಾಹೀರಾತು ಬೀದಿಗೆಲ್ಲ ಕೇಳಿಸುತ್ತದೆ. ಸಾಲದೆಂದು ಹೋಮ್ ಥಿಯೇಟರ್ ಬಂತು, ಅದರ ರಿಮೋಟ್ ಮೂರನೆಯದು. ಸಿನಿಮಾ ನೋಡುವ ಸ್ಟಿಕ್ಕು ಬಂತು, ಅದರದು ನಾಲ್ಕನೆಯದು. ಎಸಿಯದು, ಈಚೆಗೆ ಫ್ಯಾನಿನದು ಕೂಡ ಅದೇ ಟೀಪಾಯಿಯ ಮೇಲೆ ಜಾಗ ಕೇಳುತ್ತಿವೆ. ಧಾರಾವಾಹಿಯ ಸೌಂಡು ತಗ್ಗಿಸಲು ಹೋಗಿ ಫ್ಯಾನ್ ನಿಲ್ಲಿಸಿಕೊಳ್ಳುವ ಕಾಲದಲ್ಲಿ ‘ಇದಕ್ಕೆಲ್ಲ ಒಂದು ವ್ಯವಸ್ಥೆ ಮಾಡಬೇಕು’ ಎಂದು ಒಬ್ಬರಿಗೆ ಅನಿಸಿದರೆ ಅದು ಹುಚ್ಚಲ್ಲ, ಸಾರ್ವಜನಿಕ ಕಾಳಜಿ.

ವ್ಯವಸ್ಥೆ ಮಾಡಲು ಹೊರಟ ರಾಯರ ಖರೀದಿಯ ಕ್ರಮವೇ ಬೇರೆ. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಗೆ ಹೋಗುತ್ತಾರೆ. ಅಲ್ಲಿನ ಅಂಗಡಿಯ ಹುಡುಗನಿಗೆ ಮಾಡೆಲ್ ನಂಬರ್ ಬೇಡ. ಹಳೆಯ ರಿಮೋಟಿನ ಮುಖ ನೋಡಿಯೇ ‘ಸಿಗತ್ತೆ ಸಾರ್, ಇದೇ ಥರದ್ದು’ ಎಂದು ಕಟ್ಟಿನಿಂದ ಒಂದನ್ನು ಎಳೆದುಕೊಡುತ್ತಾನೆ. ಬಹುಪಾಲು ಮನೆಗಳಿಗೆ ಅಷ್ಟೇ ಸಾಕು. ರಾಯರಿಗೆ ಸಾಲದು. ‘ಎಲ್ಲಾದಕ್ಕೂ ಒಂದೇ ಆಗೋದು ಇದೆಯಾ?’ ಎಂದು ಕೇಳುತ್ತಾರೆ. ಇದೆ ಎಂದರೆ, ‘ಲರ್ನಿಂಗ್ ಇದೆಯಾ?’ ಎನ್ನುತ್ತಾರೆ. ಅದೂ ಇದೆ ಎಂದರೆ ಆ ಹುಡುಗನನ್ನು ಮೊದಲ ಸಲ ಗೌರವದಿಂದ ನೋಡುತ್ತಾರೆ. ಮನೆಗೆ ಬಂದ ಮೇಲೆ ರಿಮೋಟಿನ ಪ್ಲಾಸ್ಟಿಕ್ ಬಿಚ್ಚುವ ಮಾತೇ ಇಲ್ಲ. ಬಟನ್ ಮೇಲಿನ ಅಕ್ಷರ ಅಳಿಸಿಹೋಗಬಾರದಲ್ಲ. ಆರು ತಿಂಗಳಲ್ಲಿ ಆ ಪ್ಲಾಸ್ಟಿಕ್ಕೇ ಮಬ್ಬಾಗಿ, ಒಳಗಿನ ಅಕ್ಷರಗಳು ಅಳಿಯದೆ ಉಳಿದಿದ್ದರೂ ಯಾರಿಗೂ ಕಾಣದಂತಾಗುತ್ತವೆ. ಸೆಲ್ಲಿನ ವಿಷಯದಲ್ಲಿ ರಾಯರು ಇನ್ನೂ ಬಿಗಿ. ರಿಮೋಟ್ ಮೊಂಡು ಹಿಡಿದರೆ ಹೊಸ ಸೆಲ್ ತರುವುದಿಲ್ಲ. ಹಿಂದಿನ ಮುಚ್ಚಳ ತೆಗೆದು, ಎರಡೂ ಸೆಲ್ಲುಗಳನ್ನು ಹೆಬ್ಬೆರಳಿನಿಂದ ಗರಗರ ತಿರುಗಿಸಿ, ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ, ಅಂಗೈಗೆ ಎರಡೇಟು ಕುಟ್ಟಿ, ‘ಈಗ ನೋಡು’ ಎನ್ನುತ್ತಾರೆ. ಓಡುತ್ತದೆ. ಇದರಲ್ಲಿ ಸ್ವಲ್ಪ ನಿಜವೂ ಇದೆ: ತಿರುಗಿಸಿದಾಗ ತುದಿಗೆ ಹಿಡಿದ ಕಿಲುಬು ಉಜ್ಜಿಹೋಗಿ ಕರೆಂಟು ಹರಿಯುವ ದಾರಿ ತೆರೆದುಕೊಳ್ಳುತ್ತದೆ. ಇದರಿಂದ ಸೆಲ್ಲಿಗೆ ಹೊಸ ಜೀವ ಬರುವುದಿಲ್ಲ. ರಾಯರ ಮಾತಿಗೆ ಬರುತ್ತದೆ.

ಆದರೆ ಅವರ ನಿಜವಾದ ಪ್ರತಿಭೆ ಕಾಣುವುದು ರಿಮೋಟನ್ನು ಹೊಂದಿಸುವ ರಾತ್ರಿ. ಡಬ್ಬಿಯೊಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಕಂಪನಿಯ ಹೆಸರು, ಎದುರಿಗೆ ಕೋಡ್‌ಗಳ ಸಾಲು. ಟಿವಿ ಹಾಕಿಟ್ಟು, ಸೆಟ್ ಬಟನ್ನನ್ನು ಕೆಂಪು ದೀಪ ಹತ್ತುವವರೆಗೆ ಒತ್ತಿ ಹಿಡಿದು, ಕೋಡ್ ಹೊಡೆಯಬೇಕು. ಕೋಡ್ ಹೊಂದದಿದ್ದರೆ ಹುಡುಕುವ ವಿಧಾನ ಇದೆ: ರಿಮೋಟನ್ನು ಟಿವಿಗೆ ತೋರಿಸಿಕೊಂಡು ಒಂದೇ ಬಟನ್ನನ್ನು ಒತ್ತುತ್ತಲೇ ಇರುವುದು, ಟಿವಿ ಆರಿದ ಕ್ಷಣ ನಿಲ್ಲಿಸುವುದು. ಅಂದರೆ ಮನೆಯವರೆಲ್ಲ ನೋಡುತ್ತಿದ್ದದ್ದು ಆರಿಹೋಗುವುದೇ ಇಲ್ಲಿ ಗೆಲುವಿನ ಗುರುತು. ಈ ಕೆಲಸಕ್ಕೆ ರಾಯರು ಆರಿಸಿಕೊಳ್ಳುವ ಹೊತ್ತು ಧಾರಾವಾಹಿಯ ಹೊತ್ತೇ, ಯಾಕೆಂದರೆ ಟಿವಿ ಹಾಕಿರುವುದು ಆಗ. ‘ರೀ, ಇದೊಂದು ಮುಗೀಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ’ ಎಂಬ ಮಾತು ಬರುತ್ತದೆ. ‘ಒಂದೇ ನಿಮಿಷ ಕಣೇ’ ಎಂಬ ಉತ್ತರ ಹೋಗುತ್ತದೆ. ಅತ್ತೆ ಸೊಸೆಯ ಕೈಯಿಂದ ಬೀಗದ ಕೈ ಕಿತ್ತುಕೊಳ್ಳುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತದೆ, ರಾಯರು ‘ಬಂತು, ಬಂತು!’ ಎನ್ನುತ್ತಾರೆ. ಹೋದದ್ದಕ್ಕೆ ಬಂತು ಎನ್ನುವ ಮನುಷ್ಯನನ್ನು ಮನೆಯವರು ಕ್ಷಮಿಸುವುದು ಕಷ್ಟ. ಮುಂದಿನದು ಕಲಿಸುವ ಕೆಲಸ. ಹಳೆಯ ರಿಮೋಟನ್ನೂ ಹೊಸದನ್ನೂ ಟೀಪಾಯಿಯ ಮೇಲೆ ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರ ಮಲಗಿಸಿ, ಹೊಸದರಲ್ಲಿ ಒಂದು ಬಟನ್ ಒತ್ತಿ, ಹಳೆಯದರಲ್ಲಿ ಅದೇ ಕೆಲಸದ ಬಟನ್ ಒತ್ತಿದರೆ ಹಳೆಯದರ ಸಂಕೇತ ಹೊಸದಕ್ಕೆ ಇಳಿಯುತ್ತದೆ. ಹೀಗೆ ಒಂದೊಂದೇ ಬಟನ್ನಿಗೆ ಪಾಠ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು ಎಂದು ರಾಯರು ಕೈ ಎತ್ತುತ್ತಾರೆ. ರಿಮೋಟಿಗೆ ಕೇಳಿಸುವುದಿಲ್ಲ ಎಂಬುದು ಅವರಿಗೂ ಗೊತ್ತು.

ಕೇಳಿಸುವುದಿಲ್ಲ ಎಂಬ ಈ ಮಾತೇ ನನ್ನ ವಾದದ ಬುಡ, ಆದ್ದರಿಂದ ಸ್ವಲ್ಪ ಒಳಗೆ ಇಳಿಯಬೇಕು. ಸಾಮಾನ್ಯ ರಿಮೋಟಿನ ಮೂಗಿನಲ್ಲಿರುವುದು ಒಂದು ಪುಟ್ಟ ಎಲ್‌ಇಡಿ. ಅದು ಬಿಡುವುದು ಸುಮಾರು 940 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಬೆಳಕು. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಬಹಳಷ್ಟು ಫೋನ್‌ಗಳ ಮುಂದಿನ ಕ್ಯಾಮೆರಾದಲ್ಲಿ ತೆಳು ನೇರಳೆಯಾಗಿ ಕಾಣುತ್ತದೆ. ರಿಮೋಟ್ ಕೆಟ್ಟಿದೆಯೋ ಟಿವಿ ಕೆಟ್ಟಿದೆಯೋ ಎಂದು ತಿಳಿಯಲು ರಾಯರು ಬಂದ ನೆಂಟರಿಗೆಲ್ಲ ಈ ಪರೀಕ್ಷೆ ಮಾಡಿ ತೋರಿಸುತ್ತಾರೆ, ಕೇಳದವರಿಗೂ. ಕೋಣೆಯ ದೀಪ, ಬಿಸಿಲು ಎಲ್ಲದರಲ್ಲೂ ಇನ್‌ಫ್ರಾರೆಡ್ ಇರುವುದರಿಂದ, ತನ್ನ ಬೆಳಕು ಬೇರೆ ಎಂದು ಗುರುತು ಸಿಗಲೆಂದು ರಿಮೋಟ್ ಅದನ್ನು ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗಿಸುತ್ತದೆ. ಆ ಮಿನುಗನ್ನೇ ಸಣ್ಣ ದೊಡ್ಡ ತುಂಡುಗಳಾಗಿ ಕಡಿದು ಸಂಕೇತ ಮಾಡುತ್ತದೆ. ಜಪಾನಿನ ಎನ್‌ಇಸಿ ಕಂಪನಿಯ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಪದ್ಧತಿಯಲ್ಲಿ, ಯಾವ ಬಟನ್ ಎಂಬುದನ್ನು ರಿಮೋಟ್ ಒಮ್ಮೆ ನೇರವಾಗಿ ಹೇಳಿ, ಒಡನೆಯೇ ಸೊನ್ನೆಗೆ ಒಂದು, ಒಂದಕ್ಕೆ ಸೊನ್ನೆ ಹಾಕಿ ತಿರುವುಮುರುವಾಗಿ ಮತ್ತೊಮ್ಮೆ ಹೇಳುತ್ತದೆ. ಎರಡೂ ತಾಳೆಯಾದರೆ ಟಿವಿ ಕೆಲಸ ಮಾಡುತ್ತದೆ, ಆಗದಿದ್ದರೆ ಸುಮ್ಮನಿರುತ್ತದೆ. ಯಾಕೆ ಈ ಕಸರತ್ತು? ‘ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು’ ಎನ್ನುವ ದಾರಿ ಟಿವಿಗೆ ಇಲ್ಲ. ಮಾತು ಒಂದೇ ಕಡೆಗೆ. ರಿಮೋಟಿನ ಪಾಲಿಗೆ ಟಿವಿ ಹತ್ತಿದೆಯೋ ಆರಿದೆಯೋ, ಎದುರಿಗೆ ಟಿವಿಯೇ ಇದೆಯೋ ಬರೀ ಗೋಡೆಯಿದೆಯೋ, ಎಲ್ಲ ಒಂದೇ.

ಒಂದು ಯಂತ್ರಕ್ಕೆ ಒಂದು ರಿಮೋಟ್ ಇದ್ದಾಗ ಈ ಕಿವುಡುತನ ನಡೆದುಹೋಗುತ್ತದೆ. ನೋಡುವವರ ಕಣ್ಣೇ ಉತ್ತರ ತಿಳಿದುಕೊಳ್ಳುತ್ತದೆ. ಒಂದು ಬಟನ್ನಿಗೆ ನಾಲ್ಕು ಯಂತ್ರ ಕಟ್ಟಿದಾಗ ಗ್ರಹಚಾರ ಶುರು. ರಾಯರ ರಿಮೋಟಿನಲ್ಲಿ ‘ಸಿನಿಮಾ’ ಎಂದು ಒಂದು ಬಟನ್ ಗೊತ್ತುಮಾಡಿದ್ದಾರೆ ಎನ್ನಿ. ಅದನ್ನು ಒತ್ತಿದರೆ ಟಿವಿ ಹತ್ತಬೇಕು, ಬಾಕ್ಸ್ ಹತ್ತಬೇಕು, ಹೋಮ್ ಥಿಯೇಟರ್ ಹತ್ತಬೇಕು, ಟಿವಿ ಎಚ್‌ಡಿಎಂಐ ಎರಡಕ್ಕೆ ಹೋಗಬೇಕು. ನಾಲ್ಕು ಆಜ್ಞೆ, ಒಂದರ ಹಿಂದೊಂದು. ಒತ್ತಿದವರು ಕೈ ಕೆಳಗಿಳಿಸಿದರೆ, ಅಥವಾ ಅಷ್ಟರಲ್ಲಿ ಒಂದು ಮಗು ಅಡ್ಡ ಬಂದರೆ, ಮೂರನೆಯದು ತಲುಪುವುದಿಲ್ಲ. ಟಿವಿ ಹತ್ತಿತು, ಸೌಂಡಿಲ್ಲ. ಸಹಜವಾಗಿ ಮನೆಯವರು ಇನ್ನೊಮ್ಮೆ ಒತ್ತುತ್ತಾರೆ. ಅನೇಕ ಯಂತ್ರಗಳಲ್ಲಿ ಹತ್ತಿಸುವುದಕ್ಕೂ ಆರಿಸುವುದಕ್ಕೂ ಒಂದೇ ಸಂಕೇತ. ಆದ್ದರಿಂದ ಈಗ ಹೋಮ್ ಥಿಯೇಟರ್ ಹತ್ತುತ್ತದೆ, ಟಿವಿ ಆರುತ್ತದೆ. ಮತ್ತೊಮ್ಮೆ ಒತ್ತಿದರೆ ಅದಲುಬದಲು. ಇದು ಬೆಳಗಿನವರೆಗೂ ನಡೆಯಬಹುದಾದ ಕಾರ್ಯಕ್ರಮ. ಹತ್ತಿಸುವುದಕ್ಕೊಂದು, ಆರಿಸುವುದಕ್ಕೊಂದು ಬೇರೆ ಬೇರೆ ಸಂಕೇತವಿದ್ದರೆ ತೊಂದರೆಯಿಲ್ಲ. ಆದರೆ ಅಂಥ ಎರಡು ಬಟನ್‌ಗಳು ಸಾಮಾನ್ಯವಾಗಿ ಕಂಪನಿಯ ರಿಮೋಟಿನಲ್ಲೇ ಇರುವುದಿಲ್ಲವಾದ್ದರಿಂದ ಕಲಿಸುವುದೂ ಸಾಧ್ಯವಿಲ್ಲ. ಹಾಗಾಗಿ ಯಾವುದು ಹತ್ತಿದೆ, ಯಾವುದು ಆರಿದೆ, ಸೋರ್ಸ್ ಎಲ್ಲಿದೆ ಎಂಬ ಲೆಕ್ಕ ರಿಮೋಟಿನ ಹೊರಗೆ ಎಲ್ಲಾದರೂ ಇರಬೇಕು. ಅದು ಇರುವುದು ರಾಯರ ತಲೆಯಲ್ಲಿ. ಅವರು ಬಂದು, ರಿಮೋಟ್ ಕಸಿದುಕೊಂಡು, ಟಿವಿಯ ಮುಂದಿನ ಕೆಂಪು ಚುಕ್ಕೆಯನ್ನು ಬಗ್ಗಿ ನೋಡಿ, ಥಿಯೇಟರಿನ ಕಣ್ಣನ್ನು ಎಡಗೈಯಿಂದ ಮುಚ್ಚಿಕೊಂಡು ಟಿವಿಯೊಂದಕ್ಕೇ ಸಂಕೇತ ಬಿಡುತ್ತಾರೆ. ಅಂಗೈ ಅಡ್ಡ ಹಿಡಿದು ಆಜ್ಞೆಯನ್ನು ತಡೆಯುವ ಈ ಉಪಾಯ ಯಾವ ಚೀಟಿಯಲ್ಲೂ ಇಲ್ಲ, ಅನುಭವದಿಂದ ಬಂದದ್ದು.

ಈ ಕಿವುಡುತನ ಅಗ್ಗದ ರಿಮೋಟಿನದು, ದುಬಾರಿಯದರಲ್ಲಿ ಇರುವುದಿಲ್ಲ ಎಂದು ವಾದಿಸಬಹುದು. ಚರಿತ್ರೆ ಅದನ್ನು ಒಪ್ಪುವುದಿಲ್ಲ. ಅಮೆರಿಕದ ಜೆನಿತ್ ಕಂಪನಿ 1955ರಲ್ಲಿ ತಂದ ಯೂಜೀನ್ ಪಾಲಿಯ ತಂತಿಯಿಲ್ಲದ ರಿಮೋಟ್ ಟಾರ್ಚಿನ ಹಾಗೆ ಬೆಳಕು ಬಿಡುತ್ತಿತ್ತು. ಟಿವಿಯ ನಾಲ್ಕು ಮೂಲೆಯ ಬೆಳಕಿನ ಕಣ್ಣುಗಳಿಗೆ ಗುರಿಯಿಡಬೇಕಿತ್ತು. ಬಿಸಿಲು ಬಿದ್ದರೂ ಟಿವಿ ಅದನ್ನು ಆಜ್ಞೆ ಎಂದುಕೊಳ್ಳುತ್ತಿತ್ತು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಅಲ್ಯೂಮಿನಿಯಂ ಸರಳುಗಳಿಗೆ ಪುಟ್ಟ ಸುತ್ತಿಗೆಯಿಂದ ಹೊಡೆದು, ಮನುಷ್ಯರ ಕಿವಿಗೆ ಕೇಳಿಸದ ನಾದ ಹೊರಡಿಸುವ ರಿಮೋಟ್ ಮಾಡಿದರು. ಅದಕ್ಕೆ ಸೆಲ್ಲೇ ಬೇಡ. ನಮ್ಮ ರಾಯರ ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಆದರೆ ಬೀಗದ ಕೈ ಗೊಂಚಲು ಕಿಣಿಕಿಣಿ ಎಂದರೂ ಚಾನೆಲ್ ಬದಲಾಗುತ್ತಿತ್ತು. ಒಂದಕ್ಕಿಂತ ಹೆಚ್ಚು ರಿಮೋಟ್‌ಗಳ ಕಾಟ ಎಂಥವರನ್ನೂ ಬಿಟ್ಟಿಲ್ಲ. ಆಪಲ್ ಕಂಪ್ಯೂಟರ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಅವರೇ ಆಪಲ್ ಬಿಟ್ಟ ಮೇಲೆ ಬೇರೆ ಕಂಪನಿ ಮಾಡಿ, 1987ರಲ್ಲಿ ಕೋರ್ ಎಂಬ ಕಲಿಯುವ ರಿಮೋಟ್ ತಂದರು. ರಾಯರ ವಂಶಾವಳಿಗೆ ಮೂಲಪುರುಷ ಬೇಕಿದ್ದರೆ ಇವರೇ ಸರಿ. ಸಾಮಾನ್ಯರಿಗೆ ಅದು ಎಟುಕಲಿಲ್ಲ, ಕಂಪನಿಯೂ ಬಹಳ ಕಾಲ ನಡೆಯಲಿಲ್ಲ. ಮುಂದೆ ಎಲ್ಲರೂ ಹೊಗಳಿದ ಹಾರ್ಮನಿ ರಿಮೋಟ್‌ಗಳ ಕಂಪನಿಯನ್ನು ಲಾಜಿಟೆಕ್ 2004ರಲ್ಲಿ ಕೊಂಡುಕೊಂಡಿತು. ಯಾವುದು ಹತ್ತಿದೆ, ಯಾವುದು ಆರಿದೆ ಎಂಬ ಲೆಕ್ಕವನ್ನು ಹಾರ್ಮನಿ ರಿಮೋಟ್ ತಾನೇ ಇಟ್ಟುಕೊಳ್ಳುತ್ತಿತ್ತು. ಲೆಕ್ಕ ತಪ್ಪಿದರೆ? ಅದಕ್ಕೊಂದು ಸಹಾಯದ ಬಟನ್. ಒತ್ತಿದರೆ, ಟಿವಿ ಹತ್ತಿದೆಯೇ ಎಂದು ರಿಮೋಟೇ ಮನುಷ್ಯರನ್ನು ಕೇಳುತ್ತಿತ್ತು. ಅಷ್ಟು ದುಡ್ಡು ಕೊಟ್ಟರೂ ಕೊನೆಗೆ ಬಗ್ಗಿ ನೋಡಿ ಹೇಳುವುದಕ್ಕೆ ಒಬ್ಬ ರಾಯರು ಬೇಕೇ ಬೇಕು. 2021ರಲ್ಲಿ ಲಾಜಿಟೆಕ್ ಆ ರಿಮೋಟ್‌ಗಳ ತಯಾರಿಕೆಯನ್ನೇ ನಿಲ್ಲಿಸಿತು. ರಾಯರು ಮಾತ್ರ ನಿಂತಿಲ್ಲ.

ಲೆಕ್ಕವೆಲ್ಲ ಹೀಗೆ ಒಬ್ಬರ ತಲೆಯಲ್ಲೇ ಇರುವುದರಿಂದ ಮನೆಯೊಳಗೆ ಏನಾಗುತ್ತದೆ ಎಂಬುದು ರಾಯರು ಊರಿಗೆ ಹೋದಾಗ ಗೊತ್ತಾಗುತ್ತದೆ. ‘ಟಿವಿ ನೀಲಿಯಾಗಿ ಕೂತಿದೆ ಕಣಪ್ಪ’ ಎಂದು ತಾಯಿ ಫೋನ್ ಮಾಡುತ್ತಾರೆ. ‘ಸೋರ್ಸ್ ಒತ್ತಮ್ಮ.’ ‘ಯಾವುದು?’ ‘ಮೇಲೆ, ಎಡಗಡೆ.’ ‘ಎಡಗಡೆ ಕೆಂಪು ಇದೆ.’ ‘ಅದನ್ನ ಮಾತ್ರ ಒತ್ತಬೇಡ!’ ‘ಒತ್ತಿಬಿಟ್ಟೆ.’ ಈ ಸಂಭಾಷಣೆ ದಾವಣಗೆರೆಯಿಂದ ಮಂಗಳೂರಿಗೆ ನಡೆಯುತ್ತದೆ. ಮಗ ಅಮೆರಿಕದಲ್ಲಿದ್ದರೆ ಅಲ್ಲಿಂದಲೂ, ಅಲ್ಲಿಯ ನಡುರಾತ್ರಿಯಲ್ಲಿ, ವಿಡಿಯೋ ಕಾಲ್ ಮೂಲಕ ನಡೆಯುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಶ್ಯಾನುಭೋಗರ ಸ್ಥಾನ ಹೀಗೆಯೇ ಇತ್ತು. ಊರಿನ ಹೊಲ ಊರಿನವರದೇ, ಬೆಳೆ ಅವರದೇ. ಯಾವ ಹೊಲ ಯಾವ ಸರ್ವೆ ನಂಬರಿನಲ್ಲಿ ಕೂತಿದೆ ಎಂಬುದು ಮಾತ್ರ ಶ್ಯಾನುಭೋಗರ ಕಡತದಲ್ಲಿ, ಅದೂ ಅವರೊಬ್ಬರೇ ಓದಬಲ್ಲ ಅಕ್ಷರದಲ್ಲಿ. ಅವರಿಗೆ ಊರಿನ ಮೇಲೆ ಅಧಿಕಾರವಿರಲಿಲ್ಲ, ಆದರೆ ಅವರಿಲ್ಲದೆ ಊರು ನಡೆಯುತ್ತಿರಲಿಲ್ಲ. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿತು. ರಿಮೋಟಿನ ಶ್ಯಾನುಭೋಗಿಕೆಯನ್ನು ಮುಟ್ಟುವ ಕಾಯ್ದೆ ಇನ್ನೂ ಬಂದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಕಡತ ಇಟ್ಟುಕೊಂಡವರದೇ ಅಲ್ಲವೇ ಅಧಿಕಾರ? ಹಾಗಿದ್ದರೆ ರಾಯರ ಮನೆಯಲ್ಲಿ ರಾಯರಿಗೆ ಬೇಕಾದದ್ದೇ ಓಡುತ್ತಿರಬೇಕಿತ್ತು. ಹಾಗಿಲ್ಲ. ಸಂಜೆ ಮಕ್ಕಳ ಕಾರ್ಟೂನು, ಆಮೇಲೆ ಹೆಂಡತಿ, ತಾಯಿಯ ಧಾರಾವಾಹಿಗಳು, ಐಪಿಎಲ್ ಕಾಲದಲ್ಲಿ ಮಗನ ಕ್ರಿಕೆಟ್ಟು. ಏನು ನೋಡಬೇಕು ಎಂಬ ತೀರ್ಮಾನದಲ್ಲಿ ರಾಯರಿಗೆ ಓಟೇ ಇಲ್ಲ. ಹೇಗೆ ನೋಡಬೇಕು ಎಂಬುದಷ್ಟೇ ಅವರ ಖಾತೆ. ಅವರಿಗೆ ತಮ್ಮದೇ ಆದ ಒಂದು ಕಾರ್ಯಕ್ರಮ ಇರುವುದೂ ಅನುಮಾನ. ಎಲ್ಲರೂ ಮಲಗಿದ ಮೇಲೆ ಟಿವಿ ಪೂರ್ತಿ ಅವರ ಕೈಗೆ ಸಿಕ್ಕಿದಾಗ ಅವರು ಮಾಡುವುದೇನು? ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಬಣ್ಣ ಎರಡು ಅಂಕ ತಗ್ಗಿಸಿ, ಯಾವುದೋ ಚಾನೆಲ್‌ನಲ್ಲಿ ಜಿಂಕೆ ಹುಲ್ಲು ತಿನ್ನುವುದನ್ನು ಹಾಕಿ, ‘ನೋಡು, ಹುಲ್ಲು ಈಗ ಹುಲ್ಲಿನ ಬಣ್ಣ ಆಯ್ತು’ ಎಂದು ಯಾರೂ ಇಲ್ಲದ ಸೋಫಾಕ್ಕೆ ಹೇಳಿ, ಟಿವಿ ಆರಿಸುವುದು. ಹುಲಿ ಬರುವವರೆಗೂ ಕಾಯುವುದಿಲ್ಲ. ಅಧಿಕಾರದ ಹುಚ್ಚಿರುವವರು ಇಷ್ಟಕ್ಕೆ ತೃಪ್ತರಾಗುವುದಿಲ್ಲ. ಕೇಳಿದರೆ ರಿಮೋಟ್ ಕೊಡುತ್ತಾರೆ ಕೂಡ, ಖಂಡಿತ ಕೊಡುತ್ತಾರೆ; ಕೊಟ್ಟ ಮೇಲೆ ಪಕ್ಕದಲ್ಲೇ ನಿಂತು, ಒತ್ತುವ ಬೆರಳನ್ನು ಹಿಂಬಾಲಿಸುತ್ತ, ‘ನಿಧಾನ, ಅದಲ್ಲ, ಅದರ ಕೆಳಗಿನದು’ ಎನ್ನುತ್ತಾರೆ, ಅಷ್ಟೇ.

ಎರಡನೆಯ ಆಕ್ಷೇಪ ಹೆಚ್ಚು ಮೊನಚಾದದ್ದು: ಮನೆಯವರೇನು ದಡ್ಡರೇ? ರಾಯರು ಹೇಳಿಕೊಟ್ಟಿದ್ದರೆ ಕಲಿಯುತ್ತಿರಲಿಲ್ಲವೇ? ಇದರಲ್ಲಿ ಅರ್ಧ ಒಪ್ಪಲೇಬೇಕು. ರಾಯರು ಹೇಳಿಕೊಡುವುದು ಅವಸರದಲ್ಲಿ, ಅದೂ ತಪ್ಪು ನಡೆದ ಮೇಲೆ. ‘ಮೊನ್ನೆ ತಾನೇ ಹೇಳಿದ್ದೆ’ ಎಂಬ ಪೀಠಿಕೆಯಿಂದ ಶುರುವಾದ ಪಾಠವನ್ನು ಯಾವ ಸ್ವಾಭಿಮಾನಿಯೂ ಕಲಿಯುವುದಿಲ್ಲ. ಉಳಿದರ್ಧ ಮಾತ್ರ ರಿಮೋಟಿನದೇ ತಪ್ಪು. ನಾಲ್ಕು ರಿಮೋಟ್‌ಗಳ ಕೆಲಸ ಒಂದರಲ್ಲಿ ಬೇಕೆಂದರೆ ಬಟನ್‌ಗಳು ನಲವತ್ತು ದಾಟುತ್ತವೆ. ಮನೆಯವರಿಗೆ ಬೇಕಾದದ್ದು ಹತ್ತಿಸುವುದು, ಚಾನೆಲ್, ಸೌಂಡು, ಅಪರೂಪಕ್ಕೆ ಮ್ಯೂಟು. ಮೇಲಿಂದ ಟಿವಿ, ಬಾಕ್ಸ್ ಎಂಬ ಬಟನ್ ಬೇರೆ; ಅದರಲ್ಲಿ ಕೊನೆಗೆ ಒತ್ತಿದ್ದು ಯಾವುದೋ ಅದಕ್ಕೆ ತಕ್ಕಂತೆ ಉಳಿದೆಲ್ಲ ಬಟನ್‌ಗಳ ಕೆಲಸವೇ ಬದಲಾಗುತ್ತದೆ. ಇದಕ್ಕೆ ಮನೆಯ ಅಜ್ಜಿಯರು ಕಂಡುಕೊಂಡ ಪರಿಹಾರ ಎಂಜಿನಿಯರುಗಳದಕ್ಕಿಂತ ಮೇಲು. ಅವರು ಶೋಕೇಸಿನ ಡ್ರಾಯರಿನಿಂದ ಬಾಕ್ಸಿನ ಹಳೆಯ ರಿಮೋಟನ್ನೇ ತೆಗೆದು, ಬೇಕಾದ ಮೂರು ಬಟನ್‌ಗಳಿಗೆ ಮೊಮ್ಮಗಳ ನೈಲ್ ಪಾಲಿಶ್‌ನ ಬೊಟ್ಟಿಟ್ಟು, ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾರೆ. ಆ ಹಳೆಯ ರಿಮೋಟ್ ಅಲ್ಲಿ ಇರುವುದಾದರೂ ಯಾಕೆ? ರಾಯರು ಎಸೆದಿಲ್ಲ. ಹೊಸದರ ನೆನಪು ಅಳಿಸಿಹೋದರೆ ಮತ್ತೆ ಕಲಿಸುವುದಕ್ಕೆ ಗುರುವಾಗಿ ಹಳೆಯದೇ ಬೇಕು, ಟಿವಿಯ ಸೆಟ್ಟಿಂಗ್‌ನ ಎಷ್ಟೋ ಬಟನ್‌ಗಳು ಹೊಸದರಲ್ಲಿ ಇರುವುದೂ ಇಲ್ಲ. ಹಾಗಾಗಿ ನಾಲ್ಕು ರಿಮೋಟ್ ಹೋಗಿ ಒಂದಾಗಬೇಕಿದ್ದ ಮನೆಯಲ್ಲಿ ಈಗ ಐದಿವೆ. ಈ ಲೆಕ್ಕವನ್ನು ರಾಯರ ಮುಂದಿಟ್ಟರೆ, ‘ಐದರಲ್ಲಿ ಬಳಸೋದು ಒಂದೇ ಅಲ್ವೇ’ ಎನ್ನುತ್ತಾರೆ. ಬಳಸುವವರೂ ಒಬ್ಬರೇ ಎಂಬುದನ್ನು ಹೇಳುವುದಿಲ್ಲ.

ಮೂರನೆಯ ಆಕ್ಷೇಪ ಕಾಲದ ಹೆಸರಿನಲ್ಲಿ ಬರುತ್ತದೆ: ಇದೆಲ್ಲ ಹಳೇ ಪುರಾಣ, ಈಗಿನ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ರಾಯರ ಕಾಲ ಮುಗಿಯಿತು. ಮಾತಾಡಿಕೊಳ್ಳುವುದು ನಿಜ. ಎಚ್‌ಡಿಎಂಐ ಕೇಬಲಿನೊಳಗೆ ಸಿಇಸಿ ಎಂಬ ದಾರಿಯಿದೆ. ಅದರಲ್ಲಿ ಟಿವಿ, ಸೌಂಡ್‌ಬಾರ್, ಸ್ಟಿಕ್ಕುಗಳು ಒಂದಕ್ಕೊಂದು ಹೇಳಿಕೊಂಡು ಹತ್ತಿ ಆರಬಲ್ಲವು, ಟಿವಿಯ ರಿಮೋಟಿನಿಂದಲೇ ಎಲ್ಲ ನಡೆಯಬಲ್ಲದು. ಕಿವುಡುತನಕ್ಕೆ ಮದ್ದು ಸಿಕ್ಕಿತು ಎಂದು ಸಂತೋಷಪಡುವ ಮೊದಲು ಆ ಮದ್ದು ಎಲ್ಲಿದೆ ಎಂದು ಹುಡುಕಬೇಕು. ಸ್ಯಾಮ್‌ಸಂಗ್ ಟಿವಿಯಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್, ಪ್ಯಾನಸೋನಿಕ್‌ನಲ್ಲಿ ವಿಯೆರಾ ಲಿಂಕ್. ಸೆಟ್ಟಿಂಗ್‌ನ ಯಾವ ಮೂಲೆಯಲ್ಲಿ ಅದನ್ನು ಆನ್ ಮಾಡಬೇಕು ಎಂಬುದನ್ನು ಪತ್ತೆಹಚ್ಚಲು ಯಾರು ಕೂರುತ್ತಾರೆ ಎಂದು ಹೇಳಬೇಕಾಗಿಲ್ಲ. ಆನ್ ಮಾಡಿದ ಮೇಲೆ, ಯಾರೂ ಮುಟ್ಟದೆಯೇ ಒಂದು ಯಂತ್ರ ಇನ್ನೊಂದನ್ನು ಎಬ್ಬಿಸಿ ಟಿವಿಯನ್ನು ತನ್ನ ಕಡೆಗೆ ಎಳೆದುಕೊಂಡರೆ, ಧಾರಾವಾಹಿಯ ನಡುವೆ ಬೇರೇನೋ ಬಂದರೆ, ‘ರೀ’ ಎಂಬ ಕೂಗು ಹೋಗುವುದೂ ಅವರಿಗೇ. ಸ್ಟಿಕ್ಕಿನ ರಿಮೋಟ್ ಬಹುಮಟ್ಟಿಗೆ ಬ್ಲೂಟೂತ್‌ನದು. ಇನ್‌ಫ್ರಾರೆಡ್ ಮಾತ್ರ ಬಲ್ಲ ರಾಯರ ಹಳೆಯ ಆಲ್ ಇನ್ ಒನ್ ಅದರೆದುರು ಮೂಕ. ಹಾಗೆಂದು ರಾಯರು ಸೋತರೇ? ಫೋನಿಗೇ ರಿಮೋಟ್ ಆಪ್ ಹಾಕಿಕೊಂಡರು. ಕೆಲವು ಫೋನ್‌ಗಳ ನೆತ್ತಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿಯೂ ಇರುತ್ತದೆ. ರಾಯರು ಫೋನ್ ಕೊಳ್ಳುವಾಗ ಕ್ಯಾಮೆರಾ ಕೇಳುವ ಮೊದಲು ಅದನ್ನು ಕೇಳುತ್ತಾರೆ. ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುವಾಗ ಅಲ್ಲಿನ ಟಿವಿಯ ಸೌಂಡು ತಾನಾಗಿ ಇಳಿದರೆ ಸುತ್ತ ಒಮ್ಮೆ ನೋಡಿ. ಮೇಲೆ ಚಾವಣಿ ನೋಡುತ್ತ ಕೂತವರು ಒಬ್ಬರು ಇರುತ್ತಾರೆ. ಉಪಕರಣ ಬದಲಾದರೂ ಹುದ್ದೆ ಖಾಲಿಯಾಗುವುದಿಲ್ಲ. ಯಂತ್ರಗಳು ತಮ್ಮಲ್ಲಿ ಮಾತಾಡಿಕೊಂಡರೆ ಸಾಲದು, ಏನು ಮಾತಾಡಿಕೊಂಡೆವು ಎಂದು ಅಜ್ಜಿಗೆ ಅರ್ಥವಾಗುವಂತೆ ಹೇಳಬೇಕು, ಅದಿನ್ನೂ ಬಂದಿಲ್ಲ.

ಆದ್ದರಿಂದ ರಾಯರನ್ನು ಹಂಗಿಸುವುದು ಬಿಟ್ಟು ಅವರ ಹುದ್ದೆಯನ್ನು ಹಂಚುವ ಬಗ್ಗೆ ಯೋಚಿಸುವುದು ಮೇಲು. ಅವರು ಸಂತೋಷದಿಂದಲೇ ಮಾಡುವ ಕೆಲಸ ಇದು, ಕಿತ್ತುಕೊಂಡರೆ ಇಸ್ತ್ರಿ ಪೆಟ್ಟಿಗೆ ಬಿಚ್ಚಲು ಕೂರುತ್ತಾರೆ. ಆದರೆ ಲೆಕ್ಕ ಒಬ್ಬರ ತಲೆಯಲ್ಲಿರುವುದರ ಬದಲು ಟಿವಿಯ ಹಿಂದಿನ ಗೋಡೆಗೆ ಅಂಟಿಸಿದ ಒಂದು ಹಾಳೆಯಲ್ಲಿರಲಿ: ಬಾಕ್ಸ್ ಯಾವ ಎಚ್‌ಡಿಎಂಐಗೆ, ಸೌಂಡು ಯಾವುದರಿಂದ, ನೀಲಿ ಬಂದರೆ ಏನು ಒತ್ತಬೇಕು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ರಾಯರಲ್ಲದವರ ಕೈಬರಹದಲ್ಲಿ. ಬಾಕ್ಸಿನ ಸೌಂಡನ್ನು ಒಂದು ಕಡೆ ನಿಲ್ಲಿಸಿ ಮುಟ್ಟದೆ ಬಿಟ್ಟು, ಏರಿಳಿತವೆಲ್ಲ ಒಂದೇ ರಿಮೋಟಿನಲ್ಲಿ ನಡೆದರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ. ಎಲ್ಲಕ್ಕಿಂತ ಮುಖ್ಯ, ಬೇರೆಯವರು ತಪ್ಪು ಬಟನ್ ಒತ್ತಿದಾಗ ಪಕ್ಕದ ಕೋಣೆಯಿಂದ ಓಡಿ ಬರದೆ ಇರುವುದನ್ನು ರಾಯರು ಅಭ್ಯಾಸ ಮಾಡಬೇಕು. ನಾಲ್ಕು ಸಲ ತಪ್ಪು ಒತ್ತಿದರೆ ಐದನೆಯ ಸಲ ಯಾರಿಗಾದರೂ ಗೊತ್ತಾಗುತ್ತದೆ, ಟಿವಿ ಅಷ್ಟಕ್ಕೆಲ್ಲ ಸಾಯುವುದಿಲ್ಲ. ಆರನೆಯ ರಿಮೋಟ್ ಕೊಳ್ಳುವುದಕ್ಕಿಂತ ಮನೆಯಲ್ಲಿ ಎರಡನೆಯ ರಾಯರೊಬ್ಬರನ್ನು ತಯಾರು ಮಾಡುವುದು ಅಗ್ಗ. ಆ ಎರಡನೆಯವರು ಅಜ್ಜಿಯೇ ಆದರೆ ಇನ್ನೂ ಒಳ್ಳೆಯದು: ಅವರಿಗೆ ಮೂರು ಬಟನ್ ಗೊತ್ತು, ಬೇಡದ್ದನ್ನು ಒತ್ತುವ ಚಪಲವಿಲ್ಲ, ಮತ್ತು ಹುಲಿ ಬರುವವರೆಗೂ ಕೂತು ನೋಡುತ್ತಾರೆ.